ಆಂಟಿಪ್ರೋಟಾನಿಕ್ ಹೀಲಿಯಮ್‌ಗೆ ಲೇಸರ್ ಹಿಡಿದು ಆಂಟಿಪ್ರೋಟಾನ್ ತೂಗುವುದು: ನನ್ನ ಅನುಭವ

ಹೀಲಿಯಮ್ ಪರಮಾಣುವಿನ ಒಂದು ಎಲೆಕ್ಟ್ರಾನನ್ನು ಹೊರದಬ್ಬಿ ಆ ಜಾಗದಲ್ಲಿ ಆಂಟಿಪ್ರೋಟಾನ್ (ಪ್ರೋಟಾನ್‌ನ ಪ್ರತಿಕಣ) ಕೂತರೆ ಅದೇ ಆಂಟಿಪ್ರೋಟಾನಿಕ್ ಹೀಲಿಯಮ್. ಇದನ್ನು ತಯಾರಿಸುವುದು ಕಷ್ಟವಲ್ಲ. ಆಂಟಿಪ್ರೋಟಾನ್‌ಗಳನ್ನು ತಣ್ಣನೆಯ ಹೀಲಿಯಮ್‌ನಲ್ಲಿ ನಿಲ್ಲಿಸಿದರೆ ಸುಮಾರು 3% ತಾವಾಗಿಯೇ ದೂರದ ಕಕ್ಷೆಗಳಲ್ಲಿ (ಕಕ್ಷೆಯ ಕ್ರಮಸಂಖ್ಯೆ n ಸುಮಾರು 38) ಸಿಕ್ಕಿಕೊಂಡು ಕೆಲವು ಮೈಕ್ರೋಸೆಕೆಂಡು ಉಳಿಯುತ್ತವೆ. ನಮ್ಮ ಕೆಲಸವೆಲ್ಲ ಆ ಅವಧಿಯೊಳಗೇ ಮುಗಿಯಬೇಕು.

2021ಕ್ಕಿಂತ ಮೊದಲು, ಜಿನೀವಾ ಬಳಿಯ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಆಂಟಿಪ್ರೋಟಾನ್ ಡಿಸೆಲರೇಟರ್‌ನಿಂದ (ಕಣಗಳ ವೇಗ ತಗ್ಗಿಸುವ ಯಂತ್ರ) ಸುಮಾರು 100 ಸೆಕೆಂಡಿಗೊಮ್ಮೆ 5.3 ಎಂಇವಿ (ಮೆಗಾ ಎಲೆಕ್ಟ್ರಾನ್‌ವೋಲ್ಟ್) ಶಕ್ತಿಯ ಸುಮಾರು 3 ಕೋಟಿ ಆಂಟಿಪ್ರೋಟಾನ್‌ಗಳ ಒಂದು ಕಂತು ಬರುತ್ತಿತ್ತು. ಅದನ್ನು ರೇಡಿಯೋ ಆವರ್ತನದ ಕ್ವಾಡ್ರುಪೋಲ್ ಎಂಬ ಇನ್ನೊಂದು ವೇಗತಗ್ಗಿಸುವ ಉಪಕರಣದಲ್ಲಿ 100 ಕೆಇವಿಗಿಂತ (ಕಿಲೋ ಎಲೆಕ್ಟ್ರಾನ್‌ವೋಲ್ಟ್) ಕೆಳಗಿಳಿಸಿದರೆ ಕೆಲವೇ ಮಿಲಿಬಾರ್ ಒತ್ತಡದ ಅನಿಲದಲ್ಲೂ ನಿಲ್ಲುತ್ತಿತ್ತು. ಹೀಲಿಯಮ್ ಶುದ್ಧವಾಗಿರಲೇಬೇಕು. ಹೈಡ್ರೋಜನ್, ಆಮ್ಲಜನಕದ ಅಣುಗಳು ಬೆರೆತರೆ ಈ ಪರಮಾಣುಗಳ ಆಯಸ್ಸು ಕುಸಿಯುತ್ತದೆ.

ಪರಮಾಣು ಹುಟ್ಟಿದ ಒಂದೆರಡು ಮೈಕ್ರೋಸೆಕೆಂಡಿಗೆ ಲೇಸರ್ ಬಿಡುತ್ತೇವೆ. ಆವರ್ತನ ಸರಿಹೊಂದಿದರೆ ಆಂಟಿಪ್ರೋಟಾನ್ ಅಲ್ಪಾಯುಷಿ ಸ್ಥಿತಿಗೆ ಜಾರಿ, ನ್ಯೂಕ್ಲಿಯಸ್‌ಗೆ ಬಿದ್ದು ನಾಶವಾಗುತ್ತದೆ. ಸರಿಹೊಂದುವ ಆವರ್ತನ ಆಂಟಿಪ್ರೋಟಾನ್‌ನ ದ್ರವ್ಯರಾಶಿಯನ್ನು ಅವಲಂಬಿಸಿರುವುದರಿಂದ, ಅದನ್ನು ಅಳೆದು ಸಿದ್ಧಾಂತದ ಲೆಕ್ಕದೊಡನೆ ಹೋಲಿಸಿದರೆ ತೂಕ ಸಿಕ್ಕಂತೆ. ನಾಶವಾದಾಗ ಹೊಮ್ಮುವ ಪಯಾನ್ ಎಂಬ ಕಣಗಳನ್ನು, ಅವು ಹಾದಾಗ ಹೊಳೆಯುವ ಬೆಳಕಿನಿಂದ ಚೆರೆಂಕೋವ್ ಪತ್ತೆಕಾರಕ ಹಿಡಿಯುತ್ತದೆ. ಆಸಿಲೋಸ್ಕೋಪ್ ಪರದೆಯ ಮೇಲೆ ನಿಧಾನವಾಗಿ ಇಳಿಯುವ ಬಾಲದಂಥ ಗೆರೆ, ಅದರ ನಡುವೆ ದಿಢೀರನೆ ಎದ್ದ ಒಂದು ಚೂಪು ಶಿಖರ. ಆದರೆ ಮೊದಲ ಕ್ಷಣದಲ್ಲೇ 97% ಒಟ್ಟಿಗೆ ನಾಶವಾಗುವ ಮಿಂಚು ಆ ಬೆಳಕನ್ನು ಓದುವ ಫೋಟೋಮಲ್ಟಿಪ್ಲೈಯರ್‌ನ ಕಣ್ಣು ಕುಕ್ಕುತ್ತದೆ. ಅದಕ್ಕೇ ಮಿಂಚು ಕಳೆಯುವವರೆಗೆ ಫೋಟೋಮಲ್ಟಿಪ್ಲೈಯರ್‌ನ ವರ್ಧನೆಯನ್ನು ಆಫ್ ಮಾಡಿಡುತ್ತೇವೆ. ಕಂತಿನಿಂದ ಕಂತಿಗೆ ಸಂಖ್ಯೆ ಏರುಪೇರಾಗುವುದರಿಂದ ಶಿಖರದ ವಿಸ್ತೀರ್ಣವನ್ನು ಬಾಲದ ವಿಸ್ತೀರ್ಣದಿಂದ ಭಾಗಿಸಬೇಕು.

ಶಿಖರ ಕಂಡರೆ ಅಳತೆ ಮುಗಿದಂತಲ್ಲ. ನಿಜವಾದ ಕಷ್ಟ ಇಲ್ಲಿಂದಲೇ ಶುರು.

10 ಕೆಲ್ವಿನ್‌ನಲ್ಲೂ 417 ನ್ಯಾನೋಮೀಟರ್‌ನ ರೇಖೆ (ಒಂದು ಜಿಗಿತಕ್ಕೆ ಸರಿಹೊಂದುವ ಆವರ್ತನ) ಡಾಪ್ಲರ್ ಪರಿಣಾಮದಿಂದ, ಅಂದರೆ ಪರಮಾಣುಗಳ ಓಡಾಟದಿಂದ, ಸುಮಾರು 700 ಮೆಗಾಹರ್ಟ್ಸ್ ಅಗಲವಾಗುತ್ತದೆ. ಆಂಟಿಪ್ರೋಟಾನನ್ನು (36,34) ಸ್ಥಿತಿಯಿಂದ (34,32)ಕ್ಕೆ (ಮೊದಲ ಅಂಕಿ n, ಎರಡನೆಯದು ಕೋನೀಯ ಸಂವೇಗದ ಸಂಖ್ಯೆ) ಎರಡು ಫೋಟಾನ್‌ಗಳಲ್ಲಿ ಇಳಿಸಿ, 417 ಮತ್ತು 372 ನ್ಯಾನೋಮೀಟರ್ ಕಿರಣಗಳನ್ನು ಎದುರುಬದುರು ಬಿಟ್ಟರೆ ಚಲನೆಯ ಪರಿಣಾಮ ಬಹುಪಾಲು ಪರಸ್ಪರ ಕಳೆದುಹೋಗಿ ಸುಮಾರು 1/18 ಭಾಗ ಉಳಿಯುತ್ತದೆ. ಎರಡರ ನಡುವಿನ ಸ್ಥಿತಿಯಿಂದ ಲೇಸರ್‌ನ ಆವರ್ತನ ಎಷ್ಟು ದೂರ ನಿಲ್ಲಬೇಕು ಎಂಬುದೇ ಸೂಕ್ಷ್ಮ. ತೀರಾ ಹತ್ತಿರವಾದರೆ ಒಂದೊಂದೇ ಫೋಟಾನ್‌ನ ಜಿಗಿತ ಬೆರೆಯುತ್ತದೆ, ದೂರವಾದರೆ ಸಂಕೇತ ಸೊರಗುತ್ತದೆ. ಸುಮಾರು 6 ಗಿಗಾಹರ್ಟ್ಸ್ ಚೆನ್ನಾಗಿ ಒಗ್ಗುತ್ತದೆ. ಲೇಸರ್‌ನ ತೀವ್ರತೆಯೇ ರೇಖೆಯನ್ನು ಸರಿಸುತ್ತದೆ; ಎರಡೂ ಕಿರಣಗಳ ತೀವ್ರತೆ ಹೊಂದಿಸಿ, ನಡುವಿನ ಸ್ಥಿತಿಯ ಎರಡೂ ಬದಿಗಳಲ್ಲಿ ಅಳೆದು ಹೋಲಿಸಬೇಕು.

ಇಷ್ಟಾದರೂ ಮೋಸ ಮಾಡುವುದು ಚಿರ್ಪ್, ಅಂದರೆ ಲೇಸರ್ ಸ್ಪಂದದ ಆವರ್ತನ ತಾನಾಗಿ ಜಾರುವುದು. ಟೈಟೇನಿಯಂ-ಸಫೈರ್ ವರ್ಧಕದಲ್ಲಿ ಸ್ಪಂದ ಬೆಳೆಯುವಾಗ ಹರಳಿನ ವಕ್ರೀಭವನಾಂಕ ಬದಲಾಗಿ, ಬೀಜ ಲೇಸರ್‌ನ (ವರ್ಧಕಕ್ಕೆ ಆವರ್ತನ ಕೊಡುವ ಮೂಲ ಲೇಸರ್) ಆವರ್ತನದಿಂದ ಸ್ಪಂದ ಮೆಗಾಹರ್ಟ್ಸ್‌ಗಟ್ಟಲೆ ಸರಿದಿರುತ್ತದೆ. ಬೀಜ ಲೇಸರನ್ನು ಫೆಮ್ಟೋಸೆಕೆಂಡ್ ಕೋಂಬ್ ಎಂಬ ಆವರ್ತನದ ಅಳತೆಗೋಲಿಗೆ ಕಟ್ಟಿದ್ದೇವೆಂದು ನೆಮ್ಮದಿಯಿಂದ ಕೂರುವಂತಿಲ್ಲ. ಪ್ರತಿ ಸ್ಪಂದವನ್ನೂ ಬೀಜದೊಡನೆ ಬೆರೆಸಿ ಬಡಿತ ನೋಡಬೇಕು, ಕುಹರದೊಳಗಿನ ಎಲೆಕ್ಟ್ರೋ-ಆಪ್ಟಿಕ್ ಮಾಡ್ಯುಲೇಟರ್‌ನಿಂದ ತಿದ್ದಬೇಕು. ಪರಮಾಣುಗಳ ಡಿಕ್ಕಿಗಳಿಂದ ರೇಖೆ ಸರಿಯುವುದಕ್ಕೆ, ಬೇರೆ ಬೇರೆ ಸಾಂದ್ರತೆಗಳಲ್ಲಿ ಅಳೆದು ಶೂನ್ಯ ಸಾಂದ್ರತೆಯವರೆಗೆ ಗೆರೆ ಎಳೆಯುವುದೇ ಮದ್ದು.

2011ರಲ್ಲಿ ಸರ್ನ್‌ನ ಅಸಾಕುಸಾ ಪ್ರಯೋಗದ ತಂಡ ಈ ದಾರಿಯಲ್ಲಿ ಪಡೆದ ಆಂಟಿಪ್ರೋಟಾನ್-ಎಲೆಕ್ಟ್ರಾನ್ ದ್ರವ್ಯರಾಶಿ ಅನುಪಾತ 1836.1526736(23) (ಆವರಣದೊಳಗಿನದು ಕೊನೆಯ ಅಂಕಿಗಳ ಅನಿಶ್ಚಿತತೆ). 2016ರಲ್ಲಿ ಪರಮಾಣುಗಳನ್ನು 1.5–1.7 ಕೆಲ್ವಿನ್‌ಗೆ ತಣಿಸಿ ಏಕ-ಫೋಟಾನ್ ರೇಖೆಗಳಿಂದಲೇ 1836.1526734(15) ಸಿಕ್ಕಿತು. ಪ್ರೋಟಾನ್‌ನ ಬೆಲೆಗೂ ಇದಕ್ಕೂ ತಾಳೆಯಾಗುತ್ತದೆ. ಆಂಟಿಪ್ರೋಟಾನನ್ನು ವಿದ್ಯುತ್-ಕಾಂತ ಕ್ಷೇತ್ರಗಳಲ್ಲಿ ಸೆರೆಹಿಡಿದು ಅಳೆಯುವ ಟ್ರ್ಯಾಪ್ ಪ್ರಯೋಗಗಳು ಕೊಡುವುದು ವಿದ್ಯುದಂಶ ಮತ್ತು ದ್ರವ್ಯರಾಶಿಯ ಅನುಪಾತವನ್ನು ಮಾತ್ರ. ನಮ್ಮ ಆವರ್ತನ ಆ ಎರಡನ್ನೂ ಬೇರೊಂದು ರೀತಿಯಲ್ಲಿ ಹೆಣೆದಿರುವುದರಿಂದ, ಎರಡು ಅಳತೆಗಳನ್ನೂ ಜೊತೆಗಿಟ್ಟಾಗ ಆಂಟಿಪ್ರೋಟಾನ್‌ನ ದ್ರವ್ಯರಾಶಿ, ವಿದ್ಯುದಂಶ ಎರಡನ್ನೂ ಬೇರೆ ಬೇರೆಯಾಗಿ ಪ್ರೋಟಾನ್‌ನದರೊಂದಿಗೆ ಹೋಲಿಸಬಹುದು.