ಜಿಯೋಟೆಕ್ನಿಕಲ್ ಅಂದ್ರೆ ಏನು ಅಂತ ಕೇಳೋರಿಗೆ ಹೇಳೋದು ಹೇಗೆ

"ಏನ್ ಕೆಲಸ ಮಾಡ್ತೀಯಪ್ಪ?" ಅಂತ ಕೇಳಿದ್ರೆ ಸಾಫ್ಟ್‌ವೇರ್ ಅನ್ನೋರು ಒಂದೇ ಪದದಲ್ಲಿ ಬಚಾವ್. ನಾನು "ಜಿಯೋಟೆಕ್ನಿಕಲ್ ಇಂಜಿನಿಯರ್" ಅಂದ್ರೆ ಎದುರಿಗಿರೋರು ಎರಡು ಸೆಕೆಂಡ್ ಸುಮ್ನಿದ್ದು "ಅಂದ್ರೆ... ಸಿವಿಲ್ಲಾ?" ಅಂತಾರೆ, ನಾನು "ಹೂಂ ಹಂಗೇ ಅನ್ಕೊಳಿ" ಅಂತ ಜಾರ್ಕೊಳ್ತೀನಿ. ಸ್ವಲ್ಪ ಬಿಡಿಸಿ "ಮಣ್ಣಿನ ಇಂಜಿನಿಯರ್" ಅಂದ್ರೆ ಮುಗೀತು ಕಥೆ, "ಏನ್ ಮಣ್ಣು ಕೆಲಸನೋ ಮಾರಾಯ" ಅನ್ನೋ ಜೋಕು ಇನ್ಯಾರೂ ಮಾಡೇ ಇಲ್ಲ ಅನ್ನೋ ಹಾಗೆ ಮಾಡ್ತಾರೆ.

ಒಂದ್ಸಲ ನಮ್ಮ ಸೋದರತ್ತೆಗೆ ಸರಿಯಾಗಿ ವಿವರಿಸ್ಬೇಕು ಅಂತ ಕೂತು "ಬೋರ್‌ಹೋಲ್ ಹಾಕಿಸಿ ಆಳದ ಮಣ್ಣು ತೆಗೆದು ಟೆಸ್ಟ್ ಮಾಡಿಸ್ತೀನಿ ಅತ್ತೆ" ಅಂದೆ. ಅವರ ಕಿವಿಗೆ ಬಿದ್ದಿದ್ದು "ಬೋರ್" ಒಂದೇ. ಆಮೇಲೆ ಎಷ್ಟೋ ದಿನ ಗುರುತು ಪರಿಚಯ ಇಲ್ದೋರೆಲ್ಲ ಫೋನ್ ಮಾಡಿ ನಮ್ ಜಾಗದಲ್ಲಿ ಎಷ್ಟು ಅಡಿಗೆ ನೀರು ಬರುತ್ತೆ ಸ್ವಲ್ಪ ನೋಡಿ ಹೇಳಿ ಸಾರ್ ಅಂತ ಕೇಳೋರು. ಆವಾಗ ಗೊತ್ತಾಗಿದ್ದು, ಕೇಳಿದೋರು "ಓ ಹೌದಾ" ಅಂದ ಮಾತ್ರಕ್ಕೆ ಅರ್ಥ ಆಗಿರಲ್ಲ, ಅವರು ಆಮೇಲೆ ಇನ್ನೊಬ್ಬರ ಹತ್ರ ಏನು ಹೇಳ್ತಾರೋ ಅದೇ ನಿಜವಾದ ರಿಸಲ್ಟು. ಹಾಗಾಗಿ ಅತ್ತೆ ಪಕ್ಕದ ಮನೆಯೋರಿಗೆ ದಾಟಿಸಬಹುದಾದ ಒಂದು ವಾಕ್ಯ ಮೊದಲು ರೆಡಿ ಮಾಡ್ಕೊಳಿ.

ಅದನ್ನ ಮಾಡೋದು ಹೇಗೆ ಅಂದ್ರೆ, ಡೆಸಿಗ್ನೇಷನ್ ಪಕ್ಕಕ್ಕಿಟ್ಟು "ನಾನು ಹೇಳೋ ತನಕ ಯಾವ ಕೆಲಸ ನಿಂತಿರುತ್ತೆ?" ಅಂತ ನಿಮ್ಮನ್ನೇ ಕೇಳ್ಕೊಳಿ. ನನ್ನದು, "ಮೇಲೆ ಕಟ್ಟಡ ಏಳೋಕೆ ಮುಂಚೆ, ಅಷ್ಟು ಭಾರ ಹೊರೋ ತಾಕತ್ತು ಕೆಳಗಿನ ಮಣ್ಣಿಗೆ ಇದೆಯಾ ಅಂತ ನೋಡಿ ಹೇಳೋನು." ಅಷ್ಟೇ. ಕೊರೋಷನ್ ಕೆಲಸ ಮಾಡೋ ನನ್ನ ಫ್ರೆಂಡ್ ಒಬ್ಬ "ಪೈಪು ತುಕ್ಕು ಹಿಡಿದು ತೂತಾಗೋಕೆ ಇನ್ನೆಷ್ಟು ವರ್ಷ ಅಂತ ಲೆಕ್ಕ ಹಾಕ್ತೀನಿ" ಅಂತಾನೆ, ಅದೂ ಚೆನ್ನಾಗಿದೆ. "ಸೊಲ್ಯೂಷನ್ಸ್ ಕೊಡ್ತೀವಿ", "ಪ್ರಾಜೆಕ್ಟ್ ಸಪೋರ್ಟ್" ಇವೆಲ್ಲ ಬೇಡ, ಅದು ರೆಸ್ಯೂಮೆ ಭಾಷೆ, ಮನುಷ್ಯರು ಹಂಗೆ ಮಾತಾಡಲ್ಲ.

ವಾಕ್ಯ ಹೇಳಿದ್ಮೇಲೆ ಇನ್ನೂ ಕೇಳೋ ಮೂಡಲ್ಲಿದಾರೆ ಅನ್ಸಿದ್ರೆ ಮಾತ್ರ ಕಥೆ. ಅದು ಅವರು ಆಗ್ಲೇ ಫೋಟೋದಲ್ಲಿ ನೋಡಿರೋ ವಸ್ತುವಿಂದ ಶುರುವಾಗ್ಬೇಕು. ನನಗೆ ಪೀಸಾ ಗೋಪುರ ಇರೋದು ಪುಣ್ಯ. ಅದು ವಾಲಿದೆ ಅಂತ ಎಲ್ರಿಗೂ ಗೊತ್ತು, ಯಾಕೆ ಇನ್ನೂ ಬಿದ್ದಿಲ್ಲ ಅಂತ ಯಾರಿಗೂ ಗೊತ್ತಿಲ್ಲ. ನಾನು ಹೇಳೋದು ಹೀಗೆ: 1173ರಲ್ಲಿ ಕಟ್ಟೋಕೆ ಶುರು ಮಾಡಿದ್ರು, ಮೂರು ಅಂತಸ್ತು ಆಗೋ ಹೊತ್ತಿಗೆ ಕೆಲಸ ನಿಂತೋಯ್ತು, ಮತ್ತೆ ಕೈ ಹಾಕಿದ್ದು 1272ರಲ್ಲಿ. ಹತ್ತಿರ ಹತ್ತಿರ ನೂರು ವರ್ಷದ ಆ ಗ್ಯಾಪಲ್ಲಿ ಕೆಳಗಿನ ಮೆತ್ತನೆ ಜೇಡಿಮಣ್ಣಿನಲ್ಲಿದ್ದ ನೀರು ಭಾರಕ್ಕೆ ನಿಧಾನವಾಗಿ ಹಿಂಡಿ ಹೊರಗೆ ಹೋಗಿ ಮಣ್ಣು ಗಟ್ಟಿಯಾಯ್ತು. ಒಂದೇ ಉಸಿರಲ್ಲಿ ಪೂರ್ತಿ ಕಟ್ಟಿದ್ದಿದ್ರೆ ಆವಾಗ್ಲೇ ಮಲಗಿರೋದು. ಅಂದ್ರೆ ಅದನ್ನ ಉಳಿಸಿದ್ದು ಕೆಲಸ ನಿಂತಿದ್ದು! ಇಲ್ಲಿ ಎಲ್ರೂ ಒಂದ್ಸಲ ನಗ್ತಾರೆ. ಆಮೇಲೆ 1990ರ ಹೊತ್ತಿಗೆ ವಾಲಿದ್ದು ಸುಮಾರು 5.5 ಡಿಗ್ರಿ ಆಗಿತ್ತು, ಜನರನ್ನ ಒಳಗೆ ಬಿಡೋದು ನಿಲ್ಲಿಸಿದ್ರು. ಹೆಂಗೆ ಸರಿ ಮಾಡಿರ್ಬಹುದು ಹೇಳಿ ಅಂತ ಅವರನ್ನೇ ಕೇಳಿ, ಹತ್ತಕ್ಕೆ ಒಂಬತ್ತು ಜನ "ವಾಲಿರೋ ಕಡೆ ಕಂಬ ಕೊಟ್ಟಿರ್ತಾರೆ" ಅಂತಾರೆ. ಮಾಡಿದ್ದು ಉಲ್ಟಾ, ಎತ್ತರಕ್ಕಿದ್ದ ಕಡೆ ಬುಡದಿಂದ ಚೂರು ಚೂರೇ ಮಣ್ಣು ತೆಗೆದ್ರು, ಗೋಪುರ ತಾನಾಗೇ ಆ ಕಡೆ ಕೂತ್ಕೊಂಡು ಸುಮಾರು ಅರ್ಧ ಡಿಗ್ರಿ ವಾಪಸ್ ಬಂತು, 2001ರ ಡಿಸೆಂಬರಲ್ಲಿ ಜನರನ್ನ ಮತ್ತೆ ಒಳಗೆ ಬಿಟ್ರು. ಪೂರ್ತಿ ನೆಟ್ಟಗೆ ಮಾಡಿಲ್ಲ ಅನ್ನೋದು ಬೇರೆ ಮಾತು, ನೆಟ್ಟಗಿದ್ರೆ ನೋಡೋಕೆ ಯಾರು ಬರ್ತಾರೆ.

ಭಾರಕ್ಕೆ ನೀರು ಹಿಂಡಿ ಹೋಗಿ ಮಣ್ಣು ಗಟ್ಟಿಯಾಗೋದಕ್ಕೆ ನಮ್ಮಲ್ಲಿ ಕನ್ಸಾಲಿಡೇಷನ್ ಅಂತಾರೆ, ಇಷ್ಟರಲ್ಲಿ ಆ ಪದ ಹೇಳ್ದೇನೇ ಕನ್ಸಾಲಿಡೇಷನ್ ಹೇಳಿ ಮುಗಿಸಿರ್ತೀವಿ. ಆ ಪದ ಬಾಯಿಗೆ ತಂದಿದ್ರೆ ಬ್ಯಾಂಕಲ್ಲಿರೋ ಮಾವ "ಲೋನ್ ಕನ್ಸಾಲಿಡೇಷನ್ನಾ?" ಅಂತ ಮಾತು ಎತ್ತ್ಲಾಗೋ ಎಳ್ಕೊಂಡು ಹೋಗ್ತಿದ್ರು. ನಿಮ್ಮ ಫೀಲ್ಡಲ್ಲೂ ಹೊರಗೆ ಬೇರೆ ಅರ್ಥ ಇರೋ ಪದಗಳು ಇದ್ದೇ ಇರ್ತವೆ, ಕೂತು ಪಟ್ಟಿ ಮಾಡಿ, ಗೊತ್ತಿಲ್ಲದ ಪದಕ್ಕಿಂತ ಇವೇ ಡೇಂಜರ್, ಗೊತ್ತಿಲ್ಲದ ಪದ ಬಂದ್ರೆ ಜನ ಕೇಳ್ತಾರೆ, ಗೊತ್ತಿರೋ ಪದ ಬಂದ್ರೆ ಕೇಳಲ್ಲ. ನಾವು "ಫೇಲ್ಯೂರ್" ಅಂದ್ರೆ ಮಣ್ಣು ಜಾರಿತು ಅಂತ ಅಷ್ಟೇ, ಮನೇಲಿ ಫೋನಲ್ಲಿ ಹೇಳಿದ್ರೆ ಕೆಲಸ ಹೋಯ್ತೇನೋ ಅನ್ಕೋತಾರೆ.

ನಂಬರ್ ಹೇಳ್ಬಾರ್ದು ಅಂತ ಕೆಲವರು ಅಂತಾರೆ, ನಾನು ಒಪ್ಪಲ್ಲ. ಕಣ್ಮುಂದೆ ಬರೋ ನಂಬರ್ ಆದ್ರೆ ಜನಕ್ಕೆ ಇಷ್ಟ. "63.5 ಕೆಜಿ ಸುತ್ತಿಗೆನ 76 ಸೆಂಟಿಮೀಟರ್ ಮೇಲಿಂದ ಬಿಡ್ತೀವಿ, ಕೆಳಗಿರೋ ಪೈಪು 30 ಸೆಂಟಿಮೀಟರ್ ಇಳಿಯೋಕೆ ಎಷ್ಟು ಏಟು ಬೇಕು ಅಂತ ಎಣಿಸ್ತೀವಿ, ನಾಲ್ಕೈದು ಏಟಿಗೇ ಇಳಿದ್ರೆ ಮಣ್ಣು ಮೆತ್ತಗಿದೆ, ಐವತ್ತು ಆದ್ರೂ ಇಳಿಯದಿದ್ರೆ ಗಟ್ಟಿ." ನಾವು ಎಸ್‌ಪಿಟಿ (ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಟೆಸ್ಟ್) ಅನ್ನೋದು ಇಷ್ಟೇ. ಮೊದಲ 15 ಸೆಂಟಿಮೀಟರ್ ಲೆಕ್ಕಕ್ಕಿಲ್ಲ, ಕರೆಕ್ಷನ್ ಮಾಡ್ಬೇಕು ಇತ್ಯಾದಿ ಇದೆ, ಅದನ್ನ ನುಂಗ್ಕೊಳಿ. ಕಷ್ಟ ಆಗುತ್ತೆ, ಗೊತ್ತು. ಅರ್ಧ ಸತ್ಯ ಹೇಳಿದ ಹಾಗೆ ಹೊಟ್ಟೆಯೊಳಗೆ ಸಂಕಟ, ಆದ್ರೆ ಕೇಳ್ತಿರೋರು ರಿಪೋರ್ಟಿಗೆ ಸೈನ್ ಹಾಕೋರಲ್ಲ.

ಮಕ್ಕಳಿಗೆ ಮಾತೇ ಬೇಡ, ಒಣ ಮರಳು ಮತ್ತು ಸ್ವಲ್ಪ ಒದ್ದೆ ಮರಳು ಕೊಟ್ಟು ಗೋಪುರ ಮಾಡು ಅನ್ನಿ. ಒದ್ದೇದು ನಿಲ್ಲುತ್ತೆ, ತುಂಬಾ ನೀರು ಹಾಕಿದ್ರೆ ಕುಸಿಯುತ್ತೆ, ನನ್ನ ಅರ್ಧ ಕೆಲಸ ಅದೇ.

"ಮಣ್ಣಲ್ಲೇನಿದೆ ಮಹಾ, ಕಾಂಕ್ರೀಟ್ ಗಟ್ಟಿ ಇದ್ರೆ ಸಾಕು" ಅನ್ನೋ ಆಸಾಮಿ ಸಿಕ್ಕೇ ಸಿಗ್ತಾನೆ, ಬಹಳ ಸಲ ಅವನೂ ಇಂಜಿನಿಯರ್ರೇ. ಅವನಿಗೆ 1964ರ ಜಪಾನಿನ ನೀಗಾಟಾ ಭೂಕಂಪದ ಫೋಟೋ ತೋರ್ಸಿ. ಅಪಾರ್ಟ್‌ಮೆಂಟ್ ಕಟ್ಟಡಗಳು ಒಡೆಯದೇ ಇಡಿಯಾಗಿ ಪಕ್ಕಕ್ಕೆ ವಾಲಿ ಮಲಗಿವೆ, ಕಾಂಕ್ರೀಟ್ ಗಟ್ಟಿಯಾಗೇ ಇತ್ತು, ನೀರು ತುಂಬಿದ್ದ ಮರಳು ಅಲುಗಾಟಕ್ಕೆ ದ್ರವದ ಥರ ಆಗಿ ಕಾಲ ಕೆಳಗಿಂದ ಕೈ ಕೊಟ್ಟಿತ್ತು. ವಾದ ಬೇಕಾಗಲ್ಲ.

ಅಪ್ಪ ಅಮ್ಮ ಕೇಳಿದಾಗ ಮಾತ್ರ ಇದ್ಯಾವ್ದೂ ಬೇಡ. ಅವರ ಪ್ರಶ್ನೆ ಕೆಲಸ ಏನು ಅಂತ ಅಲ್ವೇ ಅಲ್ಲ, ಇದ್ರಲ್ಲಿ ಮುಂದೆ ಅನ್ನ ಇದೆಯಾ ಅಂತ. ಎಲ್ಲಿವರೆಗೂ ಜನ ನೆಲದ ಮೇಲೆ ಏನಾದ್ರೂ ಕಟ್ತಾರೋ ಅಲ್ಲಿವರೆಗೂ ಇದೆ ಅಂತ ಹೇಳಿ ಸಮಾಧಾನ ಮಾಡಿ.

ಕೊನೇದಾಗಿ ಒಂದು ಎಚ್ಚರಿಕೆ. ನೀವು ಚೆನ್ನಾಗಿ ವಿವರಿಸಿದ್ರೆ ಮುಂದಿನ ತಿಂಗಳೊಳಗೆ ಗೋಡೆ ಬಿರುಕಿನ ಫೋಟೋ ವಾಟ್ಸಾಪಲ್ಲಿ ಬರುತ್ತೆ, "ಅತ್ತೆ ಹೇಳಿದ್ರು, ನೀವು ಮಣ್ಣು ನೋಡ್ತೀರಂತೆ". ಫೋಟೋ ನೋಡಿ ಏನೂ ಆಗಲ್ಲ ಅಂತ ಮಾತ್ರ ಹೇಳ್ಬೇಡಿ. ಬಿರುಕಿನ ತುದೀಲಿ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯೋಕೆ ಹೇಳಿ, ಗೋಡೆ ಬುಡದಲ್ಲಿ ನೀರು ನಿಲ್ತಿದ್ಯಾ ಅಂತ ಕೇಳಿ, ಗೆರೆ ದಾಟಿ ಬೆಳೀತಿದ್ರೆ ಸ್ಥಳಕ್ಕೆ ಬಂದು ನೋಡೋ ಇಂಜಿನಿಯರ್‌ನ ಕರೆಸಿ ಅನ್ನಿ.