ಚುನಾವಣಾ ಕಾನೂನಿನ ಪಾಠ ನಾನು ಅರ್ಜಿಯಿಂದ ಶುರು ಮಾಡುತ್ತೇನೆ

ಬಳ್ಳಾರಿಯಲ್ಲಿ ಎಲ್‌ಎಲ್‌ಬಿ ವಿದ್ಯಾರ್ಥಿಗಳಿಗೆ ಚುನಾವಣಾ ಕಾನೂನು ಕಲಿಸುವಾಗ ನಾನು ಚುನಾವಣಾ ಆಯೋಗಕ್ಕೆ ಅಧಿಕಾರ ಕೊಡುವ ಸಂವಿಧಾನದ 324ನೇ ವಿಧಿಯಿಂದ ಆರಂಭಿಸುವುದಿಲ್ಲ. ಮೊದಲ ವಾರವೇ ಒಂದು ಚುನಾವಣಾ ಅರ್ಜಿ, ಅಂದರೆ ಗೆದ್ದವರ ಆಯ್ಕೆಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ, ಬರೆಸುತ್ತೇನೆ. ಇಲ್ಲಿ ಕೇಸು ಬೀಳುವುದು ಹೆಚ್ಚಾಗಿ ತಾರೀಖಿನಲ್ಲಿ, ನಮೂನೆಯಲ್ಲಿ.

ಮೊದಲು ದಿನ ಎಣಿಸುವುದು. 1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 81ನೇ ಕಲಂ ಪ್ರಕಾರ ಅರ್ಜಿ ಸಲ್ಲಿಸಲು 45 ದಿನ. ಫಲಿತಾಂಶ ಘೋಷಣೆಯ ದಿನ ಲೆಕ್ಕಕ್ಕಿಲ್ಲ. 2023ರ ವಿಧಾನಸಭೆ ಫಲಿತಾಂಶ ಮೇ 13ಕ್ಕೆ ಬಂತು, ಕೊನೆಯ ದಿನ ಜೂನ್ 27. ದಾವೆಗಳ ಗಡುವು ಹೇಳುವ ಪರಿಮಿತಿ ಕಾಯ್ದೆಯ 5ನೇ ಕಲಂ ಹಿಡಿದು ವಿಳಂಬ ಮನ್ನಾ ಕೇಳುವಂತಿಲ್ಲ. ಹುಕುಮ್‌ದೇವ್ ನಾರಾಯಣ್ ಯಾದವ್ ಪ್ರಕರಣದಲ್ಲಿ (1974) ಇದು ತೀರ್ಮಾನವಾಗಿದೆ. ಅರ್ಜಿ ಸಲ್ಲಿಸುವಾಗ ಅರ್ಜಿದಾರ ಖುದ್ದಾಗಿ ಹಾಜರಿರಬೇಕು. ವಕೀಲರು ಮಾತ್ರ ಹೋಗಿ ಸಲ್ಲಿಸಿದ್ದರಿಂದ ಅರ್ಜಿ ಬಿದ್ದುಹೋದ ಜಿ.ವಿ. ಶ್ರೀರಾಮರೆಡ್ಡಿ ಪ್ರಕರಣ (2009) ನಮ್ಮ ರಾಜ್ಯದ್ದೇ. ಅದನ್ನು ಪೂರ್ತಿ ಓದಿಸುತ್ತೇನೆ.

ಯಾರ್ಯಾರನ್ನು ಪ್ರತಿವಾದಿ ಮಾಡಬೇಕೆಂಬ 82ನೇ ಕಲಂ ವಿದ್ಯಾರ್ಥಿಗಳನ್ನು ಹೆಚ್ಚು ಮುಗ್ಗರಿಸುತ್ತದೆ. ಆಯ್ಕೆ ರದ್ದಾಗಲಿ ಎಂದಷ್ಟೇ ಕೇಳಿದರೆ ಗೆದ್ದವರು ಪ್ರತಿವಾದಿ ಸಾಕು. 'ನಾನೇ ಆಯ್ಕೆಯಾಗಿದ್ದೇನೆ ಎಂದು ಘೋಷಿಸಿ' ಎಂದು ಸೇರಿಸಿದೊಡನೆ ಕಣದಲ್ಲಿದ್ದ ಎಲ್ಲರೂ ಬರಬೇಕು. ಭ್ರಷ್ಟಾಚರಣೆಯ (ಮತದಾರರಿಗೆ ಲಂಚ ಕೊಡುವಂಥ ಅಕ್ರಮದ) ಆರೋಪ ಹೊರಿಸಿದ ಅಭ್ಯರ್ಥಿ ನಾಮಪತ್ರ ಹಿಂಪಡೆದಿದ್ದರೂ ಅವರನ್ನು ಬಿಡುವಂತಿಲ್ಲ. 81, 82 ಮತ್ತು ₹2,000 ಠೇವಣಿಯ 117 ತಪ್ಪಿದರೆ 86ನೇ ಕಲಂ ಅಡಿ ಅರ್ಜಿ ವಜಾ ಆಗುತ್ತದೆ, ತಿದ್ದುಪಡಿಗೆ ಆಸ್ಪದವಿಲ್ಲ. ಭ್ರಷ್ಟಾಚರಣೆಯ ಆರೋಪದ ಜೊತೆ ಕೊಡಬೇಕಾದ ನಮೂನೆ 25ರ ಅಫಿಡವಿಟ್ಟಿನ ಕೊರತೆ 83ನೇ ಕಲಮಿನದು, ಅದನ್ನು ಸರಿಪಡಿಸಿಕೊಳ್ಳಲು ಅವಕಾಶ ಸಿಗಬಹುದು. ಈ ವ್ಯತ್ಯಾಸ ತಲೆಗೆ ಹೋಗುವವರೆಗೆ ಮುಂದಿನ ಪಾಠಕ್ಕೆ ನಾನು ಹೋಗುವುದಿಲ್ಲ.

ಆಮೇಲೆ ಆರೋಪ ಬರೆಯುವುದು. 'ಸೀರೆ ಹಂಚಿದರು' ಎಂದರೆ ಏನೂ ಆಗದು. ಯಾವ ಊರು, ಯಾವ ದಿನ, ಹಂಚಿದವರು ಯಾರು, ಯಾರಿಗೆ ಕೊಟ್ಟರು, ಅಭ್ಯರ್ಥಿ ಇಲ್ಲವೇ ಅವರ ಏಜೆಂಟರ ಒಪ್ಪಿಗೆ ಇತ್ತೇ? ಒಪ್ಪಿಗೆಯ ವಾಕ್ಯವನ್ನೇ ಹತ್ತರಲ್ಲಿ ಎಂಟು ಮಂದಿ ಮರೆಯುತ್ತಾರೆ. ಮತ ಎಣಿಕೆಯ ತಕರಾರಿಗಾದರೆ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕದ ನಮೂನೆ 17ಸಿ ಮತ್ತು ಅಂತಿಮ ಫಲಿತಾಂಶದ ನಮೂನೆ 20 ಎದುರೆದುರು ಇಟ್ಟು ಕೂಡಿಸುತ್ತೇವೆ. ವ್ಯತ್ಯಾಸ ಗೆಲುವಿನ ಅಂತರಕ್ಕಿಂತ ಕಡಿಮೆ ಇದ್ದರೆ, ಫಲಿತಾಂಶಕ್ಕೆ ಧಕ್ಕೆಯಾಯಿತು ಎಂದು 100ನೇ ಕಲಂ ಅಡಿ ತೋರಿಸುವುದು ಕಷ್ಟ.

ಇಷ್ಟು ಆದ ಮೇಲೆ ಚುನಾವಣೆಯನ್ನು ಚುನಾವಣಾ ಅರ್ಜಿಯ ಮೂಲಕವೇ ಪ್ರಶ್ನಿಸಬೇಕೆನ್ನುವ ಸಂವಿಧಾನದ 329(ಬಿ) ವಿಧಿ ಮತ್ತು ಅದನ್ನು ವಿವರಿಸಿದ ಸುಪ್ರೀಂ ಕೋರ್ಟಿನ ಪೊನ್ನುಸ್ವಾಮಿ ತೀರ್ಪು (1952) ಕೈಗೆತ್ತಿಕೊಳ್ಳುತ್ತೇನೆ. ಚುನಾವಣೆ ನಡುವೆ ರಿಟ್ (ಕೋರ್ಟು ನೇರ ಮಧ್ಯಪ್ರವೇಶಿಸಲಿ ಎಂದು ಕೇಳುವ ಅರ್ಜಿ) ಯಾಕಿಲ್ಲ ಎಂಬ ಪ್ರಶ್ನೆಯನ್ನು ಅಷ್ಟೊತ್ತಿಗೆ ಅವರೇ ಕೇಳುತ್ತಾರೆ. 1999ರಲ್ಲಿ ಬಳ್ಳಾರಿ ಮತ್ತು ಅಮೇಠಿ ಎರಡರಲ್ಲೂ ಗೆದ್ದ ಸೋನಿಯಾ ಗಾಂಧಿ ಬಳ್ಳಾರಿ ಬಿಟ್ಟುಕೊಟ್ಟದ್ದನ್ನು ಹಿಡಿದರೆ ಎರಡಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ನಿಲ್ಲುವಂತಿಲ್ಲ ಎನ್ನುವ 33(7) ಮತ್ತು ಗೆದ್ದವುಗಳಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕೆನ್ನುವ 70ನೇ ಕಲಂ ಬೇಗ ಅರ್ಥವಾಗುತ್ತವೆ.

ಈ ವಿಷಯ ಕಲಿಸಲು ಬರುವವರಿಗೆ ಎಲ್‌ಎಲ್‌ಎಂನಲ್ಲಿ ಶೇ 55 ಅಂಕ, ಜೊತೆಗೆ ಕಾನೂನು ವಿಷಯದ ನೆಟ್ ಅಥವಾ ಕೆ-ಸೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳು) ಬೇಕು. ಹೈಕೋರ್ಟಿನ ಪೀಠವೂ ಗೊತ್ತಿರಲಿ: ಬಳ್ಳಾರಿ, ಕೊಪ್ಪಳ ಧಾರವಾಡಕ್ಕೆ, ರಾಯಚೂರು ಕಲಬುರಗಿಗೆ. ಸಂಡೂರು, ಸಿರುಗುಪ್ಪದಲ್ಲಿ ವಕೀಲಿ ಮಾಡುವವರ ಬಳಿ ಹೆಚ್ಚಾಗಿ ಬರುವುದು ಗ್ರಾಮ ಪಂಚಾಯಿತಿಯ ತಕರಾರು. ಅದಕ್ಕೆ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ 15ನೇ ಕಲಂ ಇದೆ, ಗಡುವು 30 ದಿನ, ಹೈಕೋರ್ಟಿಗಲ್ಲ, ಗೊತ್ತುಪಡಿಸಿದ ಕೆಳ ನ್ಯಾಯಾಲಯಕ್ಕೆ.