ಟ್ರೈನಿಂಗ್ ಮುಗಿದು ಹೊಸ ಪೋಸ್ಟಿಂಗ್‌ಗೆ ಹೋಗುವ ಮುಂಚೆ ಪಿತೃತ್ವ ರಜೆ ಪಡೆಯುವುದು ಹೇಗೆ?

ಇದು ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ ಥರದ ಕೇಂದ್ರ ಪಡೆಗಳಲ್ಲಿರುವ ನಮ್ಮ ಹುಡುಗರಿಗೆ ಬರೆದಿದ್ದು. ಊರಲ್ಲಿ ನಮ್ಮನ್ನೂ ‘ಮಿಲಿಟ್ರಿಯವರು’ ಅಂತಲೇ ಕರೆಯುತ್ತಾರೆ, ಆದರೆ ಸೇನೆಯ ರಜೆ ನಿಯಮ ಬೇರೆ, ನಮ್ಮದು ಬೇರೆ. ನಮಗೆ ನಡೆಯುವುದು 1972ರ ಕೇಂದ್ರ ನಾಗರಿಕ ಸೇವಾ ರಜೆ ನಿಯಮ. ಅದರಲ್ಲಿ 43-ಎ ಅಂತ ಒಂದು ಇದೆ. ಈ ನಂಬರ್ ಬಾಯಿಪಾಠ ಮಾಡಿಕೊಳ್ಳಿ, ಆಫೀಸಿನ ಟೇಬಲ್ ಮುಂದೆ ನಿಂತಾಗ ಬೇಕಾಗುತ್ತದೆ.

43-ಎ ಹೇಳುವುದು ಇಷ್ಟೇ. ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇರುವ ಗಂಡಸಿಗೆ, ಹೆಂಡತಿಯ ಹೆರಿಗೆಗೆ 15 ದಿನ ರಜೆ. ಪೂರ್ತಿ ಸಂಬಳ, ನಿಮ್ಮ ಇಎಲ್ (ಗಳಿಕೆ ರಜೆ) ಖಾತೆಯಿಂದ ಒಂದು ದಿನವೂ ಕಟ್ ಆಗಲ್ಲ. ಹೆರಿಗೆಗೆ 15 ದಿನ ಮುಂಚಿನಿಂದ ಹಿಡಿದು, ಹೆರಿಗೆಯಾದ 6 ತಿಂಗಳೊಳಗೆ ತೆಗೆದುಕೊಳ್ಳಬೇಕು. ಆಮೇಲೆ ಕೇಳಿದರೆ ಲ್ಯಾಪ್ಸ್. ಅಪ್ರೆಂಟಿಸ್‌ಗೂ ಸಿಗುತ್ತದೆ ಅಂತ ನಿಯಮದಲ್ಲೇ ಬರೆದಿದೆ, ‘ನೀನಿನ್ನೂ ಹೊಸಬ’ ಅನ್ನುವ ಮಾತಿಗೆ ಹೆದರಬೇಡಿ. ಸಾಮಾನ್ಯವಾಗಿ ಈ ರಜೆಯನ್ನು ನಿರಾಕರಿಸಬಾರದು ಅಂತಲೂ ಇದೆ. ಒಂದು ವರ್ಷದೊಳಗಿನ ಮಗುವನ್ನು ದತ್ತು ತೆಗೆದುಕೊಂಡವರಿಗೂ, ಪಕ್ಕದ 43-ಎಎ ನಿಯಮದಲ್ಲಿ, ಇಷ್ಟೇ ದಿನ, ದತ್ತು ಪಡೆದ 6 ತಿಂಗಳೊಳಗೆ.

ಇಷ್ಟು ಸುಲಭ ಇದ್ದರೂ ನಾನು ಮೊದಲ ಸಲ ಕಳೆದುಕೊಂಡೆ. ಮಗಳು ಹುಟ್ಟಿದಾಗ ಕೋರ್ಸ್‌ನಲ್ಲಿದ್ದೆ, ಮುಗಿಯುವ ಹೊತ್ತಿಗೆ ಟ್ರಾನ್ಸ್‌ಫರ್ ಆರ್ಡರ್ ಬಂತು. ರಜೆ ಕೇಳಿದರೆ ‘ಹೊಸ ಜಾಗದಲ್ಲಿ ತಗೋ’ ಅಂದರು. ನಾನೂ ಆಯ್ತು ಸರ್ ಅಂದು ಟ್ರಂಕ್ ಕಟ್ಟಿದೆ. ಹೊಸ ಜಾಗದಲ್ಲಿ ‘ಇವತ್ತು ಬಂದು ಇವತ್ತೇ ಛುಟ್ಟೀನಾ?’ ಅಂದರು. ಆಮೇಲೆ ಒಂದರ ಹಿಂದೆ ಒಂದು ಡ್ಯೂಟಿ, ನೋಡನೋಡುತ್ತಾ ಆರು ತಿಂಗಳು ದಾಟಿತು, 15 ದಿನ ನೀರಲ್ಲಿ ಹೋಮ ಆಯಿತು. ಕೊನೆಗೆ ಇಎಲ್ ಹಾಕಿ ಹೋದಾಗ ಮಗಳಿಗೆ ಏಳು ತಿಂಗಳು. ಎತ್ತಿಕೊಂಡ ಕೂಡಲೇ ನನ್ನ ಮೀಸೆ ನೋಡಿ ಕಿಟಾರನೆ ಕಿರುಚಿ ಅಜ್ಜಿ ಕಡೆ ಕೈ ಚಾಚಿದಳು.

ಹಾಗಾಗಿ ರವಾನಗಿ, ಅಂದರೆ ಹಳೇ ಜಾಗದಿಂದ ಬಿಡುಗಡೆ, ಆಗುವ ಮುಂಚೆಯೇ ರಜೆ ಮಂಜೂರು ಮಾಡಿಸಿ, ಅದು ಮೂವ್‌ಮೆಂಟ್ ಆರ್ಡರ್‌ನಲ್ಲೇ (ಹೊಸ ಜಾಗಕ್ಕೆ ಕಳಿಸುವ ಆದೇಶದಲ್ಲೇ) ಬರಲಿ. ಒಂದು ಸಲ ನಿಮ್ಮ ಹೆಸರು ಹಳೇ ಕಡೆ ಹೊಡೆದುಹಾಕಿ ಹೊಸ ಕಡೆ ಇನ್ನೂ ಏರಿಲ್ಲ ಅಂದರೆ, ಸಹಿ ಹಾಕುವವರು ಯಾರೂ ಸಿಗಲ್ಲ.

ಪಾಸಿಂಗ್ ಔಟ್‌ಗೆ ಅಥವಾ ಕೋರ್ಸ್ ಮುಗಿಯುವುದಕ್ಕೆ ಒಂದೂವರೆ ತಿಂಗಳು ಇರುವಾಗಲೇ ಕೆಲಸ ಶುರು ಮಾಡಿ. ಮನೆಯಿಂದ ತಾಯಿ ಕಾರ್ಡ್‌ನ ಫೋಟೋ ತರಿಸಿ, ಹೆರಿಗೆಯ ಅಂದಾಜು ತಾರೀಖು ಇರುವ ಪುಟ ಬೇಕು. ನನ್ನವಳು ಮೊದಲು ಕಳಿಸಿದ್ದರಲ್ಲಿ ಅವಳ ಹೆಬ್ಬೆರಳು ಸರಿಯಾಗಿ ತಾರೀಖಿನ ಮೇಲೇ ಇತ್ತು. ಹೆರಿಗೆ ಆಗಿಬಿಟ್ಟಿದ್ದರೆ ಜನನ ಪ್ರಮಾಣಪತ್ರ ಮಾಡಿಸಲು ಮನೆಯವರಿಗೆ ಹೇಳಿ. 21 ದಿನದೊಳಗೆ ನೋಂದಣಿ ಮಾಡಿಸಿದರೆ ದುಡ್ಡಿಲ್ಲ, ಮಗುವಿನ ಹೆಸರು ಇಟ್ಟಿರಲೇಬೇಕು ಅಂತಲೂ ಇಲ್ಲ, ಹೆಸರನ್ನು ಆಮೇಲೆ ಸೇರಿಸಬಹುದು. ತೊಟ್ಟಿಲ ಶಾಸ್ತ್ರ ಆಗಲಿ ಅಂತ ಕಾಯುತ್ತಾ ಕೂತರೆ ನಿಮ್ಮ ಅರ್ಜಿ ಅಲ್ಲೇ ನಿಲ್ಲುತ್ತದೆ.

ಇನ್ನು ನಿಮ್ಮ ಸರ್ವಿಸ್ ಬುಕ್ (ನೌಕರಿಯ ದಾಖಲೆ ಪುಸ್ತಕ) ಯಾವ ಆಫೀಸಿನಲ್ಲಿದೆ ಅಂತ ವಿಚಾರಿಸಿ. ಬೆಟಾಲಿಯನ್‌ನಿಂದ ಕೋರ್ಸ್‌ಗೆ ಬಂದವರಾದರೆ ಟ್ರೈನಿಂಗ್ ಸೆಂಟರ್‌ನವರು ಹಳೇ ಯೂನಿಟ್‌ಗೆ ಬರೆದು ಕೇಳಬೇಕಾಗಬಹುದು, ಅದಕ್ಕೇ ದಿನ ಹಿಡಿಯುವುದು.

ಅರ್ಜಿ ಹಿಂದಿಯಲ್ಲಿ ಕೊಡಬೇಕಾಗಿ ಬಂದರೆ ಮೂರು ಪದ ಸಾಕು: ಪಿತೃತ್ವ ಅವಕಾಶ್, ಅರ್ಜಿತ್ ಅವಕಾಶ್, ಕಾರ್ಯಗ್ರಹಣ್ ಕಾಲ್. ಎರಡನೆಯದು ಇಎಲ್, ಮೂರನೆಯದು ಜಾಯಿನಿಂಗ್ ಟೈಮ್, ಅಂದರೆ ವರ್ಗವಾದಾಗ ಹೊಸ ಜಾಗ ಸೇರಿಕೊಳ್ಳಲು ಕೊಡುವ ದಿನಗಳು. ಹಿಂದಿಯಲ್ಲಿ ಅವಕಾಶ್ ಅಂದರೆ ರಜೆ. ನಾನು ಹೊಸದರಲ್ಲಿ ‘ಅವಕಾಶ ಕೊಡಿ’ ಅಂತ ಕನ್ನಡದ ಅರ್ಥದಲ್ಲಿ ಏನೋ ಹೇಳಲು ಹೋಗಿ, ಇವನಿಗೆ ಬಂದ ದಿನವೇ ರಜೆ ಬೇಕಂತೆ ಅಂತ ಇಡೀ ಬ್ಯಾರಕ್ ನಕ್ಕಿತ್ತು.

ಈ ಜಾಯಿನಿಂಗ್ ಟೈಮ್ ಅನ್ನು ಜಾಸ್ತಿ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. 1979ರ ನಿಯಮದ ಪ್ರಕಾರ ಊರು ಬದಲಾಗುವ ವರ್ಗಾವಣೆಗೆ 1000 ಕಿ.ಮೀ.ವರೆಗೆ 10 ದಿನ, 2000ದವರೆಗೆ 12, ಅದಕ್ಕೂ ಮೇಲಾದರೆ 15 ದಿನ. ಇದನ್ನು ಸಿಎಲ್ (ಸಾಂದರ್ಭಿಕ ರಜೆ) ಬಿಟ್ಟು ಬೇರೆ ಯಾವ ರಜೆ ಜೊತೆಗೂ ಸೇರಿಸಬಹುದು. ಪಿತೃತ್ವ ರಜೆಯನ್ನೂ ಇಎಲ್ ಜೊತೆ ಸೇರಿಸಬಹುದು. ಯಲಹಂಕದಿಂದ ತ್ರಿಪುರಾಕ್ಕೆ ಪೋಸ್ಟಿಂಗ್ ಬಂದಿದೆ ಅಂದುಕೊಳ್ಳಿ. ಪಿತೃತ್ವ 15, ಇಎಲ್ 10, ಜಾಯಿನಿಂಗ್ ಟೈಮ್ 15, ಒಟ್ಟು 40 ದಿನ, ಅದರಲ್ಲಿ ಖಾತೆಯಿಂದ ಹೋಗುವುದು ಬರೀ 10. ರೈಲಿನ ದಿನಗಳು ಈ ಜಾಯಿನಿಂಗ್ ಟೈಮ್ ಒಳಗೇ ಬರುತ್ತವೆ, ಅದನ್ನು ಮರೆತು ಟಿಕೆಟ್ ಮಾಡಿಸಬೇಡಿ. ಕೋರ್ಸ್ ಮುಗಿಸಿ ಅದೇ ಹಳೇ ಯೂನಿಟ್‌ಗೆ ವಾಪಸ್ ಹೋಗುವವರಿಗೆ ಇದು ಸಿಗಲ್ಲ, ಪ್ರಯಾಣದ ದಿನ ಅಷ್ಟೇ. 180 ದಿನದೊಳಗಿನ ತಾತ್ಕಾಲಿಕ ವರ್ಗಾವಣೆಗೂ ಹಾಗೇ.

ಯಾವಾಗ ತೆಗೆದುಕೊಳ್ಳಬೇಕು ಅನ್ನುವುದರಲ್ಲಿ ನನ್ನದೇ ಒಂದು ಅಭಿಪ್ರಾಯ ಇದೆ, ಒಪ್ಪಲೇಬೇಕು ಅಂತಿಲ್ಲ. ಹೆರಿಗೆಗೆ ಮುಂಚೆ ಸುಮ್ನೆ ಖರ್ಚು ಮಾಡಬೇಡಿ. ಡಾಕ್ಟರ್ ಕೊಟ್ಟ ತಾರೀಖಿಗೇ ಮಗು ಬರುತ್ತದೆ ಅಂತ ಏನಿಲ್ಲ. ಮೊದಲ ಹೆರಿಗೆ ತವರಿನಲ್ಲಿ ಅಲ್ವಾ, ಮೊದಲ ತಿಂಗಳು ಅಲ್ಲಿ ಅತ್ತೆ, ಅಜ್ಜಿ, ಚಿಕ್ಕಮ್ಮ ಎಲ್ಲ ಇರುತ್ತಾರೆ, ಎಣ್ಣೆ ನೀರು, ಸಾಂಬ್ರಾಣಿ ಹೊಗೆ ಎಲ್ಲ ಅವರ ಕೈಯಲ್ಲೇ ನಡೆಯುತ್ತದೆ, ನಾವು ಬಾಗಿಲ ಹತ್ತಿರ ನಿಂತು ‘ಏನಾದರೂ ತರಬೇಕಾ’ ಅಂತ ಕೇಳುತ್ತಿರುತ್ತೇವೆ. ನಿಜವಾಗಿ ಕೈ ಬೇಕಾಗುವುದು ಅವಳು ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದ ಮೇಲೆ. ಎರಡನೇ ಸಲ ಹಾಗೇ ಮಾಡಿದೆ. ಟ್ರೈನಿಂಗ್ ಮುಗಿದಾಗ ಮಗನಿಗೆ ಮೂರು ತಿಂಗಳು. ರಾತ್ರಿ ಎರಡು ಗಂಟೆಗೆ ಅವನನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ಓಡಾಡುವುದು ನನ್ನ ಪಾಳಿ, ಸಂತ್ರಿ ಡ್ಯೂಟಿ ಅಭ್ಯಾಸ ಅಲ್ಲಿ ಕೆಲಸಕ್ಕೆ ಬಂತು. ಆದರೆ ಹೆಂಡತಿಗೆ ಬಿಪಿ, ಆಪರೇಷನ್ ಅಂತೇನಾದರೂ ಇದ್ದರೆ ಈ ಲೆಕ್ಕ ಎಲ್ಲ ಬಿಟ್ಟು ಆಗಲೇ ಹೋಗಿ. ಟ್ರೈನಿಂಗ್ ಮಧ್ಯೆ ಎದ್ದು ಹೋದರೆ ಬ್ಯಾಚ್ ಹಿಂದೆ ಬೀಳುವ ಅಪಾಯ ಇರುತ್ತದೆ, ಉಸ್ತಾದ್ (ತರಬೇತಿ ಕೊಡುವವರು) ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡಿ.

15 ದಿನವನ್ನು ತುಂಡು ಮಾಡುವ ಯೋಚನೆ ಬೇಡ, ಒಂದೇ ಸಲಕ್ಕೆ ಅಂತಲೇ ಪ್ಲಾನ್ ಮಾಡಿ. ಮಧ್ಯೆ ಬರುವ ಭಾನುವಾರವೂ ಲೆಕ್ಕಕ್ಕೆ ಸೇರುತ್ತದೆ. ಮಾರ್ಚ್ 10ಕ್ಕೆ ಹೆರಿಗೆ ಆಗಿದ್ದರೆ ಆಗಸ್ಟ್‌ನೊಳಗೆ ರಜೆ ಮುಗಿಸಿಬಿಡಿ, ಸೆಪ್ಟೆಂಬರ್‌ವರೆಗೆ ಎಳೆದುಕೊಂಡು ಹೋಗಬೇಡಿ.

ಆರ್ಡರ್ ಕೈಗೆ ಬಂದ ಮೇಲೆ ಅಲ್ಲೇ ನಿಂತು ಓದಿ. ಪಿತೃತ್ವ ರಜೆ, ಇಎಲ್, ಜಾಯಿನಿಂಗ್ ಟೈಮ್ ಮೂರೂ ಬೇರೆ ಬೇರೆಯಾಗಿ ತಾರೀಖಿನ ಸಮೇತ ಇರಬೇಕು. ಬರೀ ‘40 ದಿನ ರಜೆ’ ಅಂತಿದ್ದರೆ ತಿದ್ದಿಸಿಕೊಳ್ಳಿ, ಇಲ್ಲಾಂದ್ರೆ ಪೂರ್ತಿ ಇಎಲ್‌ನಲ್ಲೇ ಕಟ್ ಆಗಿರುತ್ತದೆ. ಎರಡು ಜೆರಾಕ್ಸ್ ಮಾಡಿಸಿ, ಒಂದು ಮನೆಯಲ್ಲಿ ಬಿಡಿ. ಹೊಸ ಯೂನಿಟ್‌ನಲ್ಲಿ ಆಮದ್ (ಹಾಜರಿ ದಾಖಲು) ಆದ ವಾರದಲ್ಲೇ ಜನನ ಪ್ರಮಾಣಪತ್ರದ ಪ್ರತಿ ಕೊಟ್ಟು ಸರ್ವಿಸ್ ಬುಕ್‌ನಲ್ಲಿ ಮಗುವಿನ ಹೆಸರು ಏರಿಸಿ. ಜಾಯಿನಿಂಗ್ ಟೈಮ್‌ನಲ್ಲಿ ಬಳಸದೆ ಉಳಿದ ದಿನ ಇದ್ದರೆ ಅದು ಇಎಲ್ ಖಾತೆಗೆ ಜಮಾ ಆಗಬೇಕು, ಅದನ್ನೂ ಆಗಲೇ ಕೇಳಿಬಿಡಿ.